ಮಸ್ಕಿಯಲ್ಲಿ ಇಳಿದ ಗಾಣದೆತ್ತು

ಸಿಂಧನೂರಿನ ಗಾಣಿಗೇರ ಓಣಿಯ ಪಕೀರಮ್ಮನಿಗೆ ಗಂಡ ಸಾಯುವಾಗ ಮೂರು ಆಸ್ತಿ ಬಿಟ್ಟುಹೋಗಿದ್ದ: ಒಂದು ಮರದ ಗಾಣ, ಕೆಂದ ಎಂಬ ಹೆಸರಿನ ಒಂದು ಎತ್ತು, ಮತ್ತು ಓಣಿಯವರ ಪುಕ್ಕಟೆ ಬುದ್ಧಿವಾದ. ಮೊದಲೆರಡು ಆಕೆಯನ್ನು ಸಾಕಿದವು. ಮೂರನೆಯದು ಆಕೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿತು. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ ಇದ್ದುದರಿಂದ ಈ ಕಥೆ ನನಗೆ ಗೊತ್ತು. ದೂರವಿದ್ದಿದ್ದರೂ ಗೊತ್ತಾಗುತ್ತಿತ್ತು, ಏಕೆಂದರೆ ಪಕೀರಮ್ಮ ಮೆಲ್ಲಗೆ ಮಾತಾಡಿದ್ದನ್ನು ಸಿಂಧನೂರು ಎಂದೂ ಕೇಳಿಲ್ಲ.

ಬೆಳಗಾದರೆ ಆಕೆ ಗಾಣಕ್ಕೆ ಕುಸುಬಿ ಸುರಿದು, ಹಳೆಯ ಕೌದಿಯ ತುಂಡಿನಿಂದ ಹೊಲಿದ ಕಣ್ಣುಪಟ್ಟಿಯನ್ನು ಕೆಂದನಿಗೆ ಕಟ್ಟುತ್ತಿದ್ದಳು. ಎಲ್ಲ ಗಾಣದೆತ್ತುಗಳಿಗೂ ಕಟ್ಟುತ್ತಾರೆ. ಸುತ್ತಿ ಸುತ್ತಿ ತಲೆ ತಿರುಗಬಾರದು, ಹಿಂಡಿಗೆ ಬಾಯಿ ಹಾಕಬಾರದು. ಪಟ್ಟಿ ಕಟ್ಟಿದರೆ ಕೆಂದ ನಡೆಯುತ್ತಿತ್ತು, ಬಿಚ್ಚಿದರೆ ನಿಲ್ಲುತ್ತಿತ್ತು. ಬಾರುಕೋಲು ಎಂಬುದು ಆ ಮನೆಯಲ್ಲಿ ಇರಲೇ ಇಲ್ಲ. ಆಕೆ ಹೊರಗೆ ಎಣ್ಣೆ ಅಳೆಯುತ್ತಲೋ ಯಾರೊಂದಿಗಾದರೂ ಜಗಳವಾಡುತ್ತಲೋ ಇರುವಾಗ ಒಳಗೆ ಗಾಣದ ಕಿರುಗುಡುವ ಸದ್ದು ನಿಂತರೆ, "ಯಾಕಲೇ ಕೆಂದ್ಯಾ, ನಿದ್ದಿ ಬಂತೇನು?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಎತ್ತು ಬೆಚ್ಚಿ ಮತ್ತೆ ಹೆಜ್ಜೆ ಹಾಕುತ್ತಿತ್ತು. ಸದ್ದು ನಿಲ್ಲಬಾರದು, ನಿಂತರೆ ತಪ್ಪು ನಿನ್ನದೇ. ಕೆಂದನಿಗೆ ತಿಳಿದಿದ್ದ ಕಾಯಿದೆ ಇದೊಂದೇ. ಆಮೇಲೆ ನಾವು ನೋಡಿದ ಕಾಯಿದೆಗಳಿಗಿಂತ ಇದು ಎಷ್ಟೋ ಸ್ಪಷ್ಟವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ ಅದು. ಎಲ್ಲೋ ದೂರದಲ್ಲಿ ದೊಡ್ಡವರು ಬಡಿದಾಡಿಕೊಂಡರೆ ನಮ್ಮಲ್ಲಿ ಸೀಮೆಎಣ್ಣೆ ಮಾಯವಾಗಿತ್ತು. ದೀಪಕ್ಕೂ ಕುಸುಬಿ ಎಣ್ಣೆ, ಒಗ್ಗರಣೆಗೂ ಕುಸುಬಿ ಎಣ್ಣೆ. ಇಂಥ ಹೊತ್ತಿನಲ್ಲಿ ಲಿಂಗಸುಗೂರಿನಲ್ಲಿ ಗಾಣ ಇಟ್ಟುಕೊಂಡಿದ್ದ ಪಕೀರಮ್ಮನ ತಂಗಿ ಹುಸೇನಮ್ಮನ ಎತ್ತು ಸತ್ತುಹೋಯಿತು. "ಒಂದು ತಿಂಗಳ ಮಟ್ಟಿಗಾದರೂ ಕೆಂದನನ್ನು ಕಳಿಸು" ಎಂದು ತಂಗಿ ಹೇಳಿಕಳಿಸಿದಳು. ಇಲ್ಲಿ ಪಕೀರಮ್ಮನ ಗಾಣದ ಮರ ಸೀಳು ಬಿಟ್ಟು ಬಡಿಗನ ಕೈಸೇರಿತ್ತು. ಬಡಿಗ ನಾಳೆ ಅಂದರೆ ಮುಂದಿನ ಅಮಾವಾಸ್ಯೆ ಎಂದು ಎಲ್ಲರಿಗೂ ಗೊತ್ತು. ಎತ್ತು ಸುಮ್ಮನೆ ನಿಂತು ತಿನ್ನುವುದಕ್ಕಿಂತ ತಂಗಿಗಾದರೂ ಉಪಯೋಗವಾಗಲಿ ಎಂದು ಪಕೀರಮ್ಮ ಒಪ್ಪಿದಳು.

ಹಾಗಾದರೆ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ನಡೆಸಿಕೊಂಡು ಹೋಗಬಹುದಿತ್ತಲ್ಲ ಎಂದು ಕೇಳುವವರು ನಮ್ಮ ಓಣಿಯವರಲ್ಲ. ಗಾಣದೆತ್ತು ನೆಟ್ಟಗೆ ನಡೆಯುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿದ್ದ ಸತ್ಯ. ಅದಕ್ಕೆ ಸಾಕ್ಷಿ ನಮ್ಮ ಕಿರಾಣಿ ಅಂಗಡಿಯ ಪಂಪಣ್ಣ. ಆತ ಒಮ್ಮೆ ಕೆಂದನನ್ನು ಕೇಳಿ ಒಯ್ದು ತನ್ನ ಹೊಲದಲ್ಲಿ ಕುಂಟೆಗೆ ಕಟ್ಟಿದ್ದ. ಹಿಂದೆ ನಿಂತು ಎಷ್ಟು ಹೊಡೆದರೂ ಎತ್ತು ಒಂದೇ ಮಗ್ಗುಲಿಗೆ ಬಾಗಿ ಬಾಗಿ ಹೊಲದ ತುಂಬ ಚಕ್ಕುಲಿ ಹಾಕಿತ್ತು. ಅಂದಿನಿಂದ ಪಂಪಣ್ಣ ಗಾಣದೆತ್ತುಗಳ ವಿಷಯದಲ್ಲಿ ಪಂಡಿತನಾದ. ಪಂಡಿತನೇ ಈಗ ದಾರಿ ತೋರಿಸಿದ.

"ಕರಿಬಸಪ್ಪ ಸಾವುಕಾರನ ಲಾರಿ ಲಿಂಗಸೂರಿಗೆ ಹತ್ತಿ ಒಯ್ತೈತಲ್ಲ ಬೇ. ಅದರಾಗ ಹತ್ತಿಸಿ ಬಿಡು. ಹೊತ್ತು ಮುಳುಗೋದ್ರಾಗ ನಿನ್ನ ತಂಗಿ ಮನಿ ಮುಂದ ಇಳಿತೈತಿ."

ಸಿಂಧನೂರಿನಲ್ಲಿ ಮನುಷ್ಯರೇ ಮೋಟಾರು ಹತ್ತಿದ್ದು ಕಡಿಮೆ. ಎತ್ತು ಹತ್ತುತ್ತದೆ ಎಂದಮೇಲೆ ಓಣಿಗೇ ಒಂದು ಗತ್ತು ಬಂತು. ಪಕೀರಮ್ಮ ಬಾಡಿಗೆ ಮಾತಾಡಲು ಕರಿಬಸಪ್ಪನ ಮನೆಗೆ ಹೋದಳು. ಅವನು ಹಣೆಯ ತುಂಬ ವಿಭೂತಿ ಬಳಿದುಕೊಂಡು ಪಡಸಾಲೆಯ ತೂಗುಮಂಚದಲ್ಲಿ ತೂಗಿಕೊಳ್ಳುತ್ತಿದ್ದ. ದಪ್ಪನೆಯ ಹಲಗೆ, ಎರಡೂ ತುದಿಗೆ ಕಬ್ಬಿಣದ ಕೊಂಡಿ, ಅಡಿಯಲ್ಲಿ ಅರ್ಧ ಅಳಿಸಿದ ಯಾವುದೋ ನಂಬರು.

"ಲಾರಿ ಅಲ್ಲ ಬೇ ಅದು, ತೊಟ್ಲ," ಎಂದ ಕರಿಬಸಪ್ಪ. "ನಿನ್ನ ಎತ್ತು ಮೆಲುಕು ಹಾಕ್ಕೋತ ಹೋಗಿ ಲಿಂಗಸೂರಾಗ ಇಳಿತೈತಿ."

"ಹಿಂದ ಹಲಗಿ ಹಾಕಿಸ್ತೀರಲ್ರೀ ಸಾವುಕಾರ್ರ? ಮೂಕ ಪ್ರಾಣಿ ಐತ್ರಿ."

"ಹಾಕದ ಬಿಡ್ತೀನೇನು? ಬಸವಣ್ಣನ ಆಣಿ, ಹಲಗಿ ಹಾಕೇ ಕಳಿಸ್ತೀನಿ," ಎಂದ ಆತ, ಕಾಲಿನಿಂದ ನೆಲ ಒದ್ದು ಇನ್ನಷ್ಟು ಜೋರಾಗಿ ತೂಗಿಕೊಳ್ಳುತ್ತ. ಲಾರಿಯ ಹಿಂಬದಿಯ ಆ ಹಲಗೆಯ ಮೇಲೆಯೇ ಆತ ಕೂತಿದ್ದ. ಗಟ್ಟಿ ತೇಗ, ಬೆನ್ನಿಗೆ ಹಿತ ಎಂದು ಬಿಚ್ಚಿಸಿ ತಂದು ಮಂಚ ಮಾಡಿಸಿಕೊಂಡಿದ್ದ. ಇದು ಊರಿಗೆಲ್ಲ ಗೊತ್ತಿತ್ತು, ಪಕೀರಮ್ಮನನ್ನು ಬಿಟ್ಟು. ಕಣ್ಣ ಮುಂದೆ ತೂಗುತ್ತಿದ್ದರೂ ಆಕೆಗೆ ಗೊತ್ತಾಗಲಿಲ್ಲ. ಆಕೆ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು, ಕೈಮುಗಿದು ಬಂದಳು.

ಎತ್ತು ಹತ್ತಿಸುವ ದಿನ ಓಣಿಗೆ ಓಣಿಯೇ ನೆರೆದಿತ್ತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಲಾರಿ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಮುಂದೆ ಒಂದು ಭಟ್ಟಿ, ಅದರೊಳಗೆ ಕೆಂಡ, ಮೇಲೆ ಹೊಗೆ. ಓಡುವಾಗ ಅದರ ಮೈಯೆಲ್ಲ ಕಿರುಗುಡುತ್ತಿತ್ತು. ಅದನ್ನು ನಡೆಸುತ್ತಿದ್ದ ಡ್ರೈವರ್ ಮಸ್ಕಿಯ ಉಸ್ಮಾನ್‌ಸಾಬ್. ಹಿಂದೆ ಹಲಗೆ ಎಲ್ಲಿ ಎಂದು ಪಕೀರಮ್ಮ ಕೇಳಿದರೆ ಆತ ಮುಖ ತಗ್ಗಿಸಿ, "ಸಾವುಕಾರ್ರು ಹಗ್ಗ ಕಟ್ಟು ಅಂದಾರಕ್ಕ," ಎಂದು ಅಡ್ಡಕ್ಕೆ ಒಂದು ಹಗ್ಗ ಬಿಗಿದ. ಕೆಂದನ ಕೊರಳ ಹಗ್ಗವನ್ನು ಮುಂದಿನ ಸರಳಿಗೆ ಕಟ್ಟಿದರು. ಹೊರಡುವ ಹೊತ್ತಿಗೆ ಒಂದು ಹತ್ತಿ ಅಂಡಿಗೆ ಸಡಿಲಾಗಿದೆ ಎಂದು ಅಂಡಿಗೆ ಬಿಗಿಯಲು ಆ ಕೊರಳ ಹಗ್ಗವನ್ನೇ ಬಿಚ್ಚಿಕೊಂಡರು. ಹತ್ತಿ ಸಾವುಕಾರನದು, ಎತ್ತು ಪಕೀರಮ್ಮನದು.

ಆಗ ಪಂಪಣ್ಣ ಗುಂಪಿನಿಂದ ಕೂಗಿದ: "ಮೋಟಾರಿನ ಸದ್ದಿಗೆ ಬೆದರೀತು ಬೇ, ಕಣ್ಣಿಗೆ ಪಟ್ಟಿ ಕಟ್ಟು!"

ಎಂಥ ಬುದ್ಧಿವಂತ ಮಾತು ಎಂದು ನಾವೆಲ್ಲ ತಲೆದೂಗಿದೆವು. ಪಕೀರಮ್ಮ ಮನೆಗೆ ಓಡಿ ಕಣ್ಣುಪಟ್ಟಿ ತಂದು ಕಟ್ಟಿದಳು. ಗಾಣಿಗೇರ ಓಣಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಎಣ್ಣೆಯಲ್ಲೇ ತಲೆ ನೆಂದ ನಮ್ಮಲ್ಲಿ ಒಬ್ಬನಿಗಾದರೂ ಆ ಪಟ್ಟಿ ಕಟ್ಟಿದರೆ ಎತ್ತಿಗೆ ಏನೆಂದು ಅರ್ಥವಾಗುತ್ತದೆ ಎಂಬುದು ಹೊಳೆಯಲಿಲ್ಲ. ಮುಂದಿನ ಸೀಟಿನಲ್ಲಿ ಇದ್ದಿಲ ಚೀಲಗಳಿದ್ದುದರಿಂದ ಪಕೀರಮ್ಮನಿಗೆ ಜಾಗವಿರಲಿಲ್ಲ. ಮರುದಿನ ಯಾವುದಾದರೂ ಗಾಡಿ ಹಿಡಿದು ಬರುವೆನೆಂದು ಎತ್ತಿನ ಮೈದಡವಿ ಕಳಿಸಿದಳು.

ಮಸ್ಕಿ ಹತ್ತಿರ ಬರುವ ತನಕ ಕೆಂದ ಸುಮ್ಮನೆ ನಿಂತಿತ್ತು. ಅದರ ಮನಸ್ಸಿನಲ್ಲಿ ಏನಿತ್ತೆಂದು ಯಾವ ಕೋರ್ಟೂ ಕೇಳಲಿಲ್ಲ. ಗಾಣಿಗೇರ ಓಣಿಯವನಾದ ನಾನು ಹೇಳಬಲ್ಲೆ. ಕಣ್ಣಿಗೆ ಪಟ್ಟಿ ಇದೆ, ಕಿವಿಗೆ ಕಿರುಗುಡುವ ಸದ್ದು ಕೇಳುತ್ತಿದೆ, ಕಾಲಡಿ ಅಲುಗುತ್ತಿದೆ. ಅದರ ಲೆಕ್ಕದಲ್ಲಿ ಗಾಣ ನಡೆದಿತ್ತು. ಮಸ್ಕಿಯ ಏರಿನಲ್ಲಿ ಗ್ಯಾಸು ಸಾಲದೆ ಲಾರಿ ನಿಂತಿತು. ಉಸ್ಮಾನ್‌ಸಾಬ್ ಇಳಿದು ಮುಂದೆ ಹೋಗಿ ಭಟ್ಟಿಯ ಕೆಂಡ ಕೆದಕತೊಡಗಿದ. ಸದ್ದು ನಿಂತಿತು. ಸದ್ದು ನಿಂತರೆ ತಪ್ಪು ತನ್ನದೇ ಎಂದು ತಿಳಿದ ಆ ಬಡಪ್ರಾಣಿ, ಬೈಗುಳ ಬರುವ ಮುಂಚೆ ಹೆಜ್ಜೆ ಹಾಕಿತು. ಬಾಗಿ ಸುತ್ತಿ ಬಂದು, ಹಗ್ಗವನ್ನು ಎದೆಯಿಂದ ತಳ್ಳಿ, ಲಾರಿಯ ಹಿಂದಿನಿಂದ ಕೆಳಗೆ ನಡೆದುಬಿಟ್ಟಿತು. ಎಡ ಮುಂಗಾಲು ಮೊಣಕಾಲಿನ ಕೆಳಗೆ ಮುರಿಯಿತು.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಳೆಯ ಕಾಲದ ರಾಜನೊಬ್ಬ ಪ್ರಜೆಗಳಿಗೆ ಏನೋ ಬುದ್ಧಿ ಹೇಳಿ ಕೆತ್ತಿಸಿದ್ದಾನೆ. ಕೆಂದ ಬಿದ್ದದ್ದು ಆ ಗುಡ್ಡ ಕಾಣುವ ಜಾಗದಲ್ಲಿ. ಆ ಬರಹ ನಮಗೆ ಓದಲು ಬರುವುದಿಲ್ಲ. ಆಗ ಸರಕಾರದ ಭಾಷೆ ಉರ್ದು, ಆಮೇಲೆ ಬಂದ ಕೋರ್ಟಿನ ಉರ್ದು ಕಾಗದಗಳೂ ಓದಲು ಬರಲಿಲ್ಲ. ಮೇಲಿನವರು ಹೇಳಿದ್ದು ಕೆಳಗಿನವರಿಗೆ ತಿಳಿಯದಿರುವುದು ನಮ್ಮ ಸೀಮೆಯ ಬಹಳ ಹಳೆಯ ಪದ್ಧತಿ.

ಸುದ್ದಿ ತಿಳಿದು ಪಕೀರಮ್ಮ ಪಂಪಣ್ಣನನ್ನು ಕಟ್ಟಿಕೊಂಡು ಮಸ್ಕಿಗೆ ಬಂದಾಗ, ಕೆಂದ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಬಿದ್ದುಕೊಂಡಿತ್ತು. ಲಾರಿ ಅಲ್ಲೇ ನಿಂತಿತ್ತು. ಉಸ್ಮಾನ್‌ಸಾಬ್ ಎತ್ತಿನ ತಲೆಯ ಹತ್ತಿರ ನೀರಿನ ಬಕೇಟು ಇಟ್ಟುಕೊಂಡು ಕೂತಿದ್ದ. ಅವನ ತಾಯಿ ಜೈನಾಬೀ ಮಸ್ಕಿಯಲ್ಲಿ ದನ ಕುರಿಗಳ ಎಲುಬು ಕೂಡಿಸುವುದರಲ್ಲಿ ಹೆಸರಾದವಳು. ಆಕೆ ಬಿದಿರಿನ ದಬ್ಬೆ, ಕೋಳಿ ತತ್ತಿ, ಉದ್ದಿನ ಹಿಟ್ಟು ಹಿಡಿದುಕೊಂಡು ಆಗಲೇ ಬಂದಿದ್ದಳು. ಇನ್ನೇನು ಕಟ್ಟು ಹಾಕಬೇಕು, ಅಷ್ಟರಲ್ಲಿ ಪಂಪಣ್ಣ ಅಡ್ಡಬಂದ.

"ಕೈ ಹಚ್ಚಬ್ಯಾಡ್ರಿ! ಮೊದ್ಲು ಪಂಚನಾಮೆ ಆಗ್ಲಿ. ಸರಕಾರ ಅಂತ ಒಂದೈತಿ."

ಸರಕಾರ ಅಂತ ಒಂದಿರುವುದು ನಿಜ. ಅದನ್ನು ಹುಡುಕುವುದೇ ಕಷ್ಟ. ಮಸ್ಕಿಯ ಪೊಲೀಸು ಜಮಾದಾರ ಬಂದು ಎತ್ತನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿ, ಬಾಡಿಗೆ ಮಾತಾಡಿದ್ದು ಸಿಂಧನೂರಿನಲ್ಲಿ, ಆದ್ದರಿಂದ ಇದು ಸಿಂಧನೂರಿನ ಪ್ರಕರಣ ಎಂದ. ಪಂಪಣ್ಣ ಸಿಂಧನೂರಿಗೆ ಓಡಿದರೆ ಅಲ್ಲಿಯವರು, ಎತ್ತು ಬಿದ್ದದ್ದು ಮಸ್ಕಿಯಲ್ಲಿ, ಮಸ್ಕಿಗೆ ಹೋಗು ಎಂದರು. ಯಾರೋ ಪುಣ್ಯಾತ್ಮರು, ಎತ್ತು ಮುಟ್ಟಬೇಕಾಗಿದ್ದದ್ದು ಲಿಂಗಸುಗೂರಿಗೆ, ಅಲ್ಲಿ ಮುನಸೀಫ ಸಾಹೇಬರು ಕೂರುತ್ತಾರೆ, ದಾವೆ ಹೂಡು ಎಂದರು. ಕೊನೆಗೆ ಪಕೀರಮ್ಮ ಕರಿಬಸಪ್ಪನನ್ನೇ ಕೇಳಿದಳು. ಕರಿಬಸಪ್ಪ ಮಸ್ಕಿಗೆ ಬಂದದ್ದು ಎತ್ತು ನೋಡಲಲ್ಲ, ಲಾರಿ ನೋಡಲು.

"ತಪ್ಪು ನಿನ್ನ ಎತ್ತಿಂದೇ ಬೇ," ಎಂದ ಆತ. "ಲಿಂಗಸೂರಿಗೆ ಅಂತ ಹತ್ತಿ ಮಸ್ಕ್ಯಾಗ ಇಳಿದ್ರ ನಾನೇನು ಮಾಡ್ಲಿ? ನಾನೇನು ಇಳಿ ಅಂದೆನೇನು?"

ಆ ಮಾತು ಕೇಳಿಯೇ ಪಕೀರಮ್ಮ ದಾವೆಗೆ ಒಪ್ಪಿದಳು. ಆಕೆಗೆ ಆಗ ಬೇಕಾಗಿದ್ದದ್ದು ಎರಡೇ: ಕೆಂದ ಮತ್ತೆ ಎದ್ದು ನಡೆಯಬೇಕು, ಹಲಗೆ ಇರಲಿಲ್ಲ ಎಂದು ಆ ವಿಭೂತಿ ಹಣೆಯವನು ಒಪ್ಪಿಕೊಳ್ಳಬೇಕು. ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ ಎಂದು ಆಕೆ ನಂಬಿದ್ದಳು.

ಲಿಂಗಸುಗೂರಿನ ವಕೀಲ ಶ್ರೀಪಾದರಾಯರು ಒಳ್ಳೆಯವರು. ಬಡವರ ದಾವೆಯನ್ನು ಎಷ್ಟು ವರ್ಷ ಬೇಕಾದರೂ ನಡೆಸುತ್ತಿದ್ದರು. ಅವರು ಅರ್ಜಿ ಬರೆದು ಒಳಗೆ ಕೊಟ್ಟು, ಒಂದು ಉರ್ದು ಹುಕುಂ ಹಿಡಿದುಕೊಂಡು ನಗುತ್ತ ಹೊರಗೆ ಬಂದರು.

"ಕೆಲಸ ಆತು ನೋಡು ಪಕೀರವ್ವ. ಸಾಹೇಬ್ರು ಎತ್ತಿನ ಗಾಯ ಸ್ವತಃ ನೋಡ್ತಾರಂತ. ಮುಂದಿನ ತಿಂಗಳು ತಾರೀಖು ಅದ. ಅಲ್ಲೀತನಕ ಎತ್ತು ನಿನ್ನ ಜಿಮ್ಮೆದಾಗ ಇರ್ಬೇಕು. ಆದ್ರ ಹ್ಯಾಂಗ ಅದನೋ ಹಾಂಗೇ ಇರ್ಬೇಕು."

"ಹಂಗ ಅಂದ್ರ?"

"ಕಟ್ಟು ಗಿಟ್ಟು ಹಾಕಬಾರ್ದು. ಆ ಮುರಿದ ಕಾಲೇ ನಮ್ಮ ಸಾಕ್ಷಿ. ಕಾಲು ಗುಣ ಆತು ಅಂದ್ರ ದಾವೆ ಸತ್ತಂಗ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ ಒಬ್ಬ. ಇಲ್ಲಿ ಎತ್ತಿನ ಕಾಲು ಮುರಿಯಿತು ಎಂದರೆ ಮುರಿದಂತೆಯೇ ಇಡು ಎಂದರು. ಪಕೀರಮ್ಮ ಆ ಹುಕುಮನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಸ್ಕಿಗೆ ಮರಳಿದಳು. ಉಸ್ಮಾನ್‌ಸಾಬ್ ನಾಲ್ಕು ಜನರ ಕೈಯಲ್ಲಿ ಎತ್ತನ್ನು ಗಾಡಿಗೆ ಏರಿಸಿ ತನ್ನ ಮನೆಯ ಅಂಗಳಕ್ಕೆ ತಂದು ಮಲಗಿಸಿದ್ದ. ಕಾಲು ಊದಿ ಕುಂಬಳದಷ್ಟಾಗಿತ್ತು. ಕೆಂದ ಮೇವು ಬಿಟ್ಟಿತ್ತು. ಹುಕುಮಿನ ವಿಷಯ ಕೇಳಿ ಜೈನಾಬೀ ಕೈಯಲ್ಲಿದ್ದ ದಬ್ಬೆಯನ್ನು ನೆಲಕ್ಕೆ ಕುಕ್ಕಿದಳು.

"ಎಲುಬು ನಿಮ್ಮ ತಾರೀಖು ಕಾಯಂಗಿಲ್ಲ ಬೇ. ಈ ವಾರ ತಪ್ಪಿದ್ರ ಸೊಟ್ಟ ಕೂಡ್ತೈತಿ. ಸೊಟ್ಟ ಕೂಡಿದ್ರ ಗಾಣ ಬಿಡು, ನೀರು ಕುಡಿಯಾಕೂ ನಡೆಯಂಗಿಲ್ಲ. ಆಮ್ಯಾಲ ಕಟುಕ್ರೇ ಗತಿ."

"ಕಟ್ಟಿದ್ರ ಕೇಸು ಹೋತು," ಎಂದ ಪಂಪಣ್ಣ. "ಸ್ವಲ್ಪ ತಾಳ್ಕೋ ಬೇ. ಎತ್ತು ಇನ್ನೊಂದು ತರಬಹುದು, ಕೇಸು ಇನ್ನೊಂದು ಬರಂಗಿಲ್ಲ."

ಪಕೀರಮ್ಮ ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅದರ ಕಣ್ಣು ತೆರೆದಿತ್ತು. ಪಟ್ಟಿ ಇಲ್ಲದ ಆ ಕಣ್ಣನ್ನು ಆಕೆ ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಲೇ ಪಂಪಣ್ಣ," ಎಂದಳು. "ನಾನು ಕೇಸು ಯಾಕ ಹಾಕೀನಿ? ಎತ್ತಿನ ಕಾಲು ಹೋತು ಅಂತ. ಈಗ ಕೇಸು ಉಳಿಸಾಕ ಕಾಲು ಕಳಿಬೇಕೇನು? ನಿನ್ನ ಕಾಲು ಮುರಿದು, ತಾರೀಖು ಬರೋತನಕ ಹಂಗೇ ಮಲಗಿಸ್ಲೇನು? ಕಟ್ಟು ಜೈನಾಬೀ. ಏನಾಗ್ತೈತೋ ಆಗ್ಲಿ."

ಜೈನಾಬೀ ಎಲುಬು ಎಳೆದು ಕೂಡಿಸುವಾಗ ಕೆಂದ ಹೊಡೆದ ಕೂಗು ಗುಡ್ಡದ ತನಕ ಕೇಳಿತಂತೆ. ಉಸ್ಮಾನ್‌ಸಾಬ್ ಎತ್ತಿನ ಕೊಂಬು ಹಿಡಿದಿದ್ದ, ಪಕೀರಮ್ಮ ಅದರ ಬೆನ್ನಿನ ಮೇಲೆ ಬಿದ್ದು ಒತ್ತಿ ಹಿಡಿದಿದ್ದಳು. ಕಾಯಿದೆ ಮುರಿಯುವುದು ಅಷ್ಟೇನೂ ಸುಲಭದ ಕೆಲಸವಲ್ಲ.

ಮುಂದಿನ ತಿಂಗಳ ತಾರೀಖಿಗೆ ಸಾಹೇಬರು ರಜೆಯಲ್ಲಿದ್ದರು. ಅದರ ಮುಂದಿನದಕ್ಕೆ ಕರಿಬಸಪ್ಪನ ವಕೀಲರಿಗೆ ಜ್ವರ. ಇನ್ನೊಂದಕ್ಕೆ ಎಲ್ಲರೂ ಇದ್ದರು, ಕಾಗದ ಕಾಣೆಯಾಗಿತ್ತು. ಪಕೀರಮ್ಮ ಮಸ್ಕಿಯಲ್ಲೇ ಜೈನಾಬೀಯ ಮನೆಯಲ್ಲಿ ಉಳಿದು, ಅವರಿವರ ಮನೆಯ ಕಾಳು ಹಸನು ಮಾಡಿಕೊಂಡು, ತಾರೀಖು ಬಂದಾಗಲೆಲ್ಲ ಲಿಂಗಸುಗೂರಿಗೆ ಹೋಗಿ ಕೋರ್ಟಿನ ಅಂಗಳದ ಬೇವಿನ ನೆರಳು ಲೆಕ್ಕ ಹಾಕಿ ಬರುತ್ತಿದ್ದಳು. ತಂಗಿಯ ಗಾಣದ ಸುಗ್ಗಿ ಎಂದೋ ಮುಗಿದಿತ್ತು. ಇತ್ತ ಕೆಂದ ಮಾತ್ರ ಯಾವ ತಾರೀಖನ್ನೂ ಮುಂದೂಡದೆ, ಮೊದಲು ಮೇವು ತಿಂದಿತು, ಆಮೇಲೆ ಎದ್ದು ನಿಂತಿತು, ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ನಾಲ್ಕೂ ಕಾಲು ಊರಿತು. ಕಟ್ಟಿದ ಜಾಗದಲ್ಲಿ ಒಂದು ಗಂಟು ಉಳಿಯಿತು, ಅಷ್ಟೇ.

ಆಗ ಬಂತು ಹುಕುಂ: ಎತ್ತನ್ನು ಕೋರ್ಟಿನ ಮುಂದೆ ಹಾಜರುಪಡಿಸತಕ್ಕದ್ದು.

ಮಸ್ಕಿಯಿಂದ ಲಿಂಗಸುಗೂರಿಗೆ ಎತ್ತು ಹೊತ್ತೊಯ್ಯುವ ಲಾರಿ ಆ ದಾರಿಯಲ್ಲಿ ಒಂದೇ ಇತ್ತು. ಅದು ಯಾರದೆಂದು ಹೇಳಬೇಕಾಗಿಲ್ಲ. ಕರಿಬಸಪ್ಪ ತಾನಾಗಿ ಹೇಳಿಕಳಿಸಿದ: ಬಾಡಿಗೆ ಕೊಟ್ಟರೆ ತನ್ನದೇನೂ ಅಭ್ಯಂತರವಿಲ್ಲ, ದ್ವೇಷ ಸಾಧಿಸುವುದು ತನ್ನ ಧರ್ಮವಲ್ಲ, ಆದರೆ ಈ ಸಲ ಕಣ್ಣುಪಟ್ಟಿ ಕಟ್ಟಬೇಡ. ಲಾರಿಯಿಂದ ಬಿದ್ದ ಎತ್ತು ಬಿದ್ದದ್ದು ನಿಜವೇ ಎಂದು ತೋರಿಸಲು, ಅದನ್ನು ಬೀಳಿಸಿದವನ ಅದೇ ಲಾರಿಗೆ, ಅದೇ ಹಲಗೆಯಿಲ್ಲದ ಲಾರಿಗೆ ಬಾಡಿಗೆ ಕೊಟ್ಟು ಹತ್ತಿಸಬೇಕು. ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ನಡಸ್ಕೊಂಡೇ ಹೋಗ್ತೀನಿ," ಎಂದಳು ಪಕೀರಮ್ಮ.

"ಗಾಣದೆತ್ತು ನೆಟ್ಟಗ ನಡೆಯಂಗಿಲ್ಲ ಬೇ," ಎಂದು ತಾರೀಖಿಗೆಂದು ಬಂದಿದ್ದ ಪಂಪಣ್ಣ ಮತ್ತೆ ತನ್ನ ಚಕ್ಕುಲಿ ಹೊಲದ ಕಥೆ ತೆಗೆದ. ಆಕೆ ಕೇಳಲಿಲ್ಲ. ಕೆಂದನ ಕೊರಳಿಗೆ ಹಗ್ಗ ಹಾಕಿ, ಮಡಿಲಲ್ಲಿ ಒಂದಿಷ್ಟು ಹಿಂಡಿ ಕಟ್ಟಿಕೊಂಡು, ಹಿಂದೆ ನಿಂತು ಹೊಡೆಯಲು ಮನಸ್ಸಾಗದೆ ತಾನೇ ಮುಂದೆ ನಡೆದಳು. ಎತ್ತು ಒಂದು ಗಳಿಗೆ ನಿಂತು ದಾರಿ ನೋಡಿತು. ಆಮೇಲೆ ಆಕೆಯ ಬೆನ್ನು ನೋಡಿತು. ಹಿಂದೆಯೇ ಹೆಜ್ಜೆ ಹಾಕಿತು. ಆಕೆ ನೆಟ್ಟಗೆ ಹೋದರೆ ಅದೂ ನೆಟ್ಟಗೆ, ಆಕೆ ತಿರುಗಿದರೆ ಅದೂ ತಿರುಗಿತು. ಮಸ್ಕಿಯ ಗುಡ್ಡ ಹಿಂದೆ ಬೀಳುವ ತನಕ ಪಂಪಣ್ಣ ಜೊತೆಗೇ ನಡೆಯುತ್ತ ಈಗ ಬಾಗೀತು, ಆಗ ಬಾಗೀತು ಎಂದು ಕಾದ. ಅದು ಬಾಗಲಿಲ್ಲ.

ಪಕೀರಮ್ಮ ದಾರಿಯ ಬದಿಯಲ್ಲಿ ಕುಕ್ಕರಿಸಿ ಅತ್ತಳು. ಮುರಿದ ಕಾಲು ನೋಡಿ ಅತ್ತಿರಲಿಲ್ಲ, ಈಗ ಅತ್ತಳು.

"ಒಂದ್ಸಲ, ಒಂದೇ ಒಂದ್ಸಲ ನಾವು ಯಾರಾರ ಇದರ ಮುಂದ ನಡದು ನೋಡಿದ್ರ ಆಗ್ತಿತ್ತಲ್ಲೋ ಪಂಪಣ್ಣ. ಲಾರಿ ಯಾಕ ಬೇಕಿತ್ತು? ಎಲ್ಲಾರೂ ಹಿಂದ ನಿಂತು ಹೊಡದ್ವಿ, ನಡೆಯಂಗಿಲ್ಲ ಅಂದ್ವಿ."

ಪಂಪಣ್ಣ ಆ ದಿನ ಬುದ್ಧಿವಾದ ಬಿಟ್ಟು ಎತ್ತಿನ ಹಗ್ಗ ಹಿಡಿದು ನಿಂತನಂತೆ.

ಕೋರ್ಟಿನ ಅಂಗಳಕ್ಕೆ ಎತ್ತು ನಡೆದು ಬಂದದ್ದು ಕಂಡು ಶ್ರೀಪಾದರಾಯರ ಮುಖ ಬಾಡಿತು. ಅವರು ಪಕೀರಮ್ಮನನ್ನು ಬೇವಿನ ಮರದ ಹಿಂದೆ ಕರೆದು ಪಿಸುಗುಟ್ಟಿದರು: "ಕಟ್ಟಿಸಿಬಿಟ್ಟೀಯಾ? ಇರ್ಲಿ. ಆ ಗಂಟಿನ ಮ್ಯಾಲ ಒಂಚೂರು ಜೋರಾಗಿ ಒತ್ತು. ಕುಂಟ್ತದ. ಸಾಹೇಬ್ರ ಮುಂದ ನಾಕು ಹೆಜ್ಜಿ ಕುಂಟಿದ್ರ ಸಾಕು, ದಾವೆ ನಮ್ಮದು."

"ಎಲುಬು ಇನ್ನೂ ಎಳೇದು ಐತ್ರಿ ವಕೀಲ್ರೇ. ಮತ್ತ ಮುರದ್ರ?"

"ಮುರದ್ರ ಇನ್ನೂ ಛಲೋ."

ಪಕೀರಮ್ಮ ಎತ್ತಿನ ಹಗ್ಗ ಹಿಡಿದು ಸಾಹೇಬರ ಮುಂದೆ ಹೋಗಿ ನಿಂತಳು. ಕೆಂದ ಅಂಗಳದ ಉದ್ದಕ್ಕೂ ನೆಟ್ಟಗೆ ನಡೆದು ತೋರಿಸಿತು, ಯಾರೋ ಹೇಳಿಕೊಟ್ಟಂತೆ.

ಕರಿಬಸಪ್ಪನ ವಕೀಲರು ಎದ್ದು ನಿಂತು ವಾದಿಸಿದರು. ಲಾರಿಯಲ್ಲಿ ಸರಕು ಹೋಗುತ್ತದೆ. ಸರಕು ತಾನಾಗಿ ನಡೆಯುವುದಿಲ್ಲ. ಈ ಎತ್ತು ತಾನಾಗಿ ನಡೆದಿದೆ, ಆದ್ದರಿಂದ ಇದು ಸರಕಲ್ಲ, ಪ್ರಯಾಣಿಕ. ತನ್ನ ಊರು ಬರುವ ಮುಂಚೆ ಇಳಿದ ಪ್ರಯಾಣಿಕನಿಗೆ ಲಾರಿಯ ಮಾಲೀಕ ಹೊಣೆಯಲ್ಲ. ಉಸ್ಮಾನ್‌ಸಾಬ್ ಎದ್ದು, ಹಲಗೆ ಇರಲಿಲ್ಲ ಹುಜೂರ್, ಅದು ಸಾವುಕಾರರ ಮನೆಯಲ್ಲಿ ತೂಗುಮಂಚವಾಗಿದೆ ಎಂದು ಇದ್ದದ್ದು ಇದ್ದಂತೆ ಹೇಳಿದ. ಎತ್ತು ಬೀಳುವುದನ್ನು ನೀನು ಕಣ್ಣಾರೆ ಕಂಡೆಯಾ ಎಂದು ಆ ವಕೀಲರು ಕೇಳಿದರು. ಇಲ್ಲ, ಭಟ್ಟಿ ಕೆದಕುತ್ತಿದ್ದೆ, ಸದ್ದು ಕೇಳಿ ಓಡಿಬಂದೆ ಎಂದ. ಹಾಗಾದರೆ ನೀನು ಸಾಕ್ಷಿಯೇ ಅಲ್ಲ, ಕೂತುಕೋ ಎಂದರು. ಅವನ ನೌಕರಿ ಹೋಗಲು ಮಾತ್ರ ಆ ಸಾಕ್ಷಿ ಸಾಕಾಯಿತು. ಹಲಗೆಯ ವಿಷಯ ಗೊತ್ತಿದ್ದ ಸಿಂಧನೂರಿನ ಉಳಿದವರೆಲ್ಲ ಕರಿಬಸಪ್ಪನಿಗೆ ಹತ್ತಿ ಮಾರುವವರು. ಅವರಿಗೆ ಆ ದಿನ ಮನೆಯಲ್ಲಿ ಬಹಳ ಕೆಲಸವಿತ್ತು. ನಮ್ಮ ಮನೆಯವರಿಗೂ ಇತ್ತು.

ಸಾಹೇಬರು ಕೆಟ್ಟವರಲ್ಲ, ಅವರಿಗೆ ಊಟದ ಹೊತ್ತಾಗಿತ್ತು. ಉರ್ದುವಿನಲ್ಲಿ ನಾಲ್ಕು ಮಾತು ಹೇಳಿ ಎದ್ದರು. ಶ್ರೀಪಾದರಾಯರು ಅದನ್ನು ಕನ್ನಡಕ್ಕೆ ಇಳಿಸಿದರು: ಎತ್ತು ಆರೋಗ್ಯವಾಗಿದೆ, ಆದ್ದರಿಂದ ಅದಕ್ಕೆ ಏನೂ ಆಗಿಲ್ಲ, ದಾವೆ ವಜಾ. ಕೋರ್ಟಿನ ಹುಕುಂ ಮೀರಿ ಸಾಕ್ಷಿಯನ್ನು ಗುಣಪಡಿಸಿದ್ದು ಅಪರಾಧ. ಹೆಂಗಸು ತಿಳಿಯದೆ ಮಾಡಿದ್ದಾಳೆ ಎಂದು ಸಾಹೇಬರು ದಯೆಯಿಂದ ಬಿಟ್ಟಿದ್ದಾರೆ, ಇನ್ನೊಮ್ಮೆ ಹೀಗೆ ಮಾಡಕೂಡದು.

"ಸಾಹೇಬ್ರಿಗೆ ಹೇಳ್ರಿ," ಎಂದಳು ಪಕೀರಮ್ಮ. "ತಿಳಿದೇ ಮಾಡೀನಿ."

ಶ್ರೀಪಾದರಾಯರು ಅದನ್ನು ಉರ್ದುವಿಗೆ ಇಳಿಸಲಿಲ್ಲ. ಹೊರಗೆ ಕರಿಬಸಪ್ಪ ಲಾರಿಯ ಹತ್ತಿರ ನಿಂತು, ಬಾ ಬೇ, ಸಿಂಧನೂರಿನ ತನಕ ಎತ್ತನ್ನು ಪುಕ್ಕಟೆ ಬಿಡ್ತೀನಿ ಎಂದು ನಾಲ್ಕು ಜನ ಕೇಳುವಂತೆ ಕೂಗಿದ. ಆಕೆ ಅವನ ಕಡೆ ನೋಡದೆ ಎತ್ತಿನ ಮುಂದೆ ನಡೆಯುತ್ತ ಹೋದಳು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಅಷ್ಟೂ ದಾರಿ.

ಮನೆಗೆ ಬಂದಮೇಲೆ ತಿಳಿಯಿತು ಕೆಂದನಿಗೆ ಆದ ಗಾಯ ಯಾವುದೆಂದು. ಬಡಿಗ ಗಾಣವನ್ನು ಸರಿಮಾಡಿ ಇಟ್ಟಿದ್ದ. ಪಕೀರಮ್ಮ ಕುಸುಬಿ ಸುರಿದು ಕಣ್ಣುಪಟ್ಟಿ ಕಟ್ಟಿದಳು. ಕೆಂದ ನಿಂತೇ ಇತ್ತು. ಆಕೆ ಎಂದಿನಂತೆ ಕೂಗಿದಳು. ಅದರ ಮೈ ನಡುಗಿತು, ಕಾಲು ಎತ್ತಲಿಲ್ಲ. ಕತ್ತಲೆಯಲ್ಲಿ ಹೆಜ್ಜೆ ಇಟ್ಟರೆ ನೆಲ ಇರುವುದಿಲ್ಲ ಎಂಬುದನ್ನು ಅದು ಮಸ್ಕಿಯಲ್ಲಿ ಕಲಿತಿತ್ತು. ಆ ಗಾಯವನ್ನು ಜೈನಾಬೀಯ ದಬ್ಬೆ ಕೂಡಿಸಿರಲಿಲ್ಲ, ಸಾಹೇಬರು ನೋಡಲು ಕೇಳಿಯೂ ಇರಲಿಲ್ಲ. ಎರಡು ದಿನ ನೋಡಿ, ಪಕೀರಮ್ಮ ಪಟ್ಟಿ ಬಿಚ್ಚಿ ಸೂರಿನಲ್ಲಿ ಸಿಕ್ಕಿಸಿ, ತಾನೇ ಎತ್ತಿನ ಮುಂದೆ ನಡೆದಳು. ಆಕೆ ಸುತ್ತಿದಳು, ಕೆಂದ ಹಿಂದೆ ಸುತ್ತಿತು, ಗಾಣ ಕಿರುಗುಟ್ಟಿತು. ಅಂದಿನಿಂದ ಅದೇ ಪದ್ಧತಿ. ಗಾಣದೆತ್ತಿನ ಹಾಗೆ ದುಡಿದೆ ಎಂದು ನಾವೆಲ್ಲ ಬಾಯಿ ತುಂಬ ಹೇಳಿಕೊಳ್ಳುತ್ತೇವೆ. ಆ ಮಾತು ಆಡುವ ಹಕ್ಕು ನಮ್ಮ ಓಣಿಯಲ್ಲಿ ಒಬ್ಬಳಿಗೇ ಇತ್ತು, ಆಕೆಗೆ ಆಡಲು ಪುರಸೊತ್ತು ಇರಲಿಲ್ಲ. ಗೋಡೆಯ ಈಚೆಗೆ ಕೂತು ಆಕೆಯ ಹೆಜ್ಜೆಯ ಸದ್ದು ಕೇಳುವಾಗ ನನಗೆ ಕರಿಬಸಪ್ಪನ ಮೇಲೆ ಬಂದಷ್ಟೇ ಸಿಟ್ಟು ನಮ್ಮ ಮೇಲೂ ಬರುತ್ತಿತ್ತು.

ಒಂದು ವರ್ಷದ ಮೇಲೆ ಶ್ರೀಪಾದರಾಯರು ಯಾವುದೋ ಕೆಲಸಕ್ಕೆ ಸಿಂಧನೂರಿಗೆ ಬಂದವರು ಆಕೆಯ ಮನೆ ಹುಡುಕಿಕೊಂಡು ಬಂದರು. ಮೇಲಿನ ಕೋರ್ಟಿಗೆ ಹೋಗುವ ದಾರಿಯೊಂದು ಇನ್ನೂ ತೆರೆದಿದೆಯಂತೆ.

"ಸ್ವಲ್ಪ ನಿಲ್ಲವಾ ಪಕೀರವ್ವ, ಹೇಳ್ತೀನಿ," ಎಂದರು ಬಾಗಿಲಲ್ಲಿ ನಿಂತು.

"ನಾ ನಿಂತ್ರ ಅದೂ ನಿಲ್ತೈತ್ರಿ. ನಡಕೋತ ಹೇಳ್ರಿ."

ಬೇರೆ ದಾರಿ ಇರಲಿಲ್ಲ. ಮುಂದೆ ಪಕೀರಮ್ಮ, ಅವಳ ಹಿಂದೆ ಕೆಂದ, ಕೆಂದನ ಹಿಂದೆ ಕರಿಕೋಟು ಹಾಕಿದ ವಕೀಲರು. ಮೇಲ್ಮನವಿ ಎಂದರೇನು, ಅದಕ್ಕೆ ಯಾವ ಕಾಗದ ಬೇಕು, ಯಾರನ್ನು ಹಿಡಿಯಬೇಕು, ಎಷ್ಟು ತಾರೀಖು ಬೀಳಬಹುದು ಎಂದು ಅವರು ಸುತ್ತುತ್ತ ವಿವರಿಸಿದರು. ಅಂಗಳದ ಗೋಡೆಗೆ ಕುತ್ತಿಗೆ ಚಾಚಿ ನಾವೆಲ್ಲ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ರಾಯರಿಗೆ ತಲೆ ತಿರುಗಿ ಗೋಡೆ ಹಿಡಿದುಕೊಂಡರು.

"ಎಷ್ಟು ದೂರ ಬಂದ್ವಿ ವಕೀಲ್ರೇ?" ಎಂದು ಪಕೀರಮ್ಮ ನಡೆಯುತ್ತಲೇ ಕೇಳಿದಳು.

"ಎಲ್ಲಿಗೆ ಬಂದ್ವಿ? ಹೊಂಟಲ್ಲೇ ಇದ್ದೀವಲ್ಲ."

"ಕೋರ್ಟಿಗೆ ಹೋದ್ರೂ ಅಷ್ಟೇ ದೂರ್ರೀ. ಇಲ್ಲಾದ್ರ ಎಣ್ಣಿ ಬರ್ತೈತಿ."